ಟ್ರ್ಯಾಕ್ ಸರಿ ಉಂಟು ಮಾರಾಯ್ರೆ, ನಿಮ್ಮ ಕೇಬಲ್ ನೋಡಿ

ಟ್ರ್ಯಾಕ್ ಸರಿ ಉಂಟು. ಮಕ್ಕಳ ಹುಲಿವೇಷದ ಕುಣಿತಕ್ಕೆ ಅಂತ ನಾನು ಮನೆಯಲ್ಲಿ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಹಾಡಿನ ಟ್ರ್ಯಾಕ್ ಅದು. ಇಂದು ಸಭಾಭವನದಲ್ಲಿ ಹಾಕಿದಾಗ ಸರಿಯಾಗಿ ಕೇಳಲೇ ಇಲ್ಲ, ಸೌಂಡ್ ಸೆಟ್ಟಿನವರು ಟ್ರ್ಯಾಕೇ ಹಾಳು ಅಂದರು. ಇದನ್ನು ಮೊದಲೇ ಹೇಳಿಬಿಡ್ತೇನೆ, ಯಾಕೆಂದರೆ ಅಲ್ಲಿ ಹೇಳ್ಲಿಕ್ಕೆ ಬಾಯಿಯೇ ಬರಲಿಲ್ಲ. ಈಗ ರಾತ್ರಿ ಒಂದೂವರೆ. ಹೆಡ್‌ಫೋನಿನಲ್ಲಿ ಮೂರು ಸಲ ಕೇಳಿ ಆಯ್ತು, ಮನೆಯವರು ಎದ್ದು ಬೈಯುವಷ್ಟು ಜೋರಾಗಿ ಸ್ಪೀಕರಿನಲ್ಲಿ ಒಮ್ಮೆ ಆಯ್ತು. ತಾಸೆ, ಅಂದರೆ ಹುಲಿವೇಷದ ಚರ್ಮವಾದ್ಯ, ಉಂಟು, ಡೋಲು ಉಂಟು, ಹಾಡಿದವರ ಸ್ವರ ನಟ್ಟನಡುವೆ ಉಂಟು. ಹಾಗಾದರೆ ಆ ಸಭಾಭವನದಲ್ಲಿ ಇದೆಲ್ಲ ಎಲ್ಲಿಗೆ ಹೋಯಿತು? ಸೌಂಡಿನವರ ಹಸಿರು ಟೇಪು ಸುತ್ತಿದ ಆ ಕೇಬಲು ನುಂಗಿತು. ನುಂಗಿ ನೀರು ಕುಡಿಯಿತು.

ಏಳು ಮಕ್ಕಳು, ಏಳು ಹುಲಿಗಳು. ಪರದೆ ಎದ್ದಿತು. ಮೊದಲ ನಾಲ್ಕು ಸೆಕೆಂಡು ಬರೀ ಡೋಲು ಬರಬೇಕಿತ್ತು. ಏನೂ ಇಲ್ಲ. ಮೈಕಿನ ಕುಂಯ್ ಶಬ್ದ ಮಾತ್ರ. ಆಮೇಲೆ ಬಾವಿಯ ಒಳಗೆ ಕೂತು ಯಾರೋ ಹಾಡಿದ ಹಾಗೆ ಒಂದು ನೆರಳು ಸ್ವರ, ಮಾತು ಇಲ್ಲ, ಅದರ ಬಾಲ ಮಾತ್ರ. ಆಮೇಲೆ ಇದ್ದಕ್ಕಿದ್ದ ಹಾಗೆ ಕೋರಸ್ಸಿನ "ಹೋ" ಭಯಂಕರ ಜೋರಾಗಿ ಬಂತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಮತ್ತೆ ಬಾವಿ. ಎಲ್ಲಕ್ಕಿಂತ ಸಣ್ಣ ಹುಲಿ ಒಂದು ಕಾಲು ಎತ್ತಿ ನಿಂತಿತ್ತು, ಡೋಲಿನ ಪೆಟ್ಟಿಗೆ ಕಾಲು ಇಳಿಸಬೇಕೆಂದು ಕಲಿಸಿದ್ದಾರೆ. ಪೆಟ್ಟು ಬರಲಿಲ್ಲ. ಕಾಲು ಇಳಿಯಲಿಲ್ಲ. ಆ ಕಾಲು ನನ್ನ ಕಣ್ಣಿನಿಂದ ಹೋಗುವುದಿಲ್ಲ ಇನ್ನು. ಎಷ್ಟು ಹೊತ್ತು ನಿಂತಿತೋ ಪಾಪ, ಹತ್ತು ಸೆಕೆಂಡಾದರೂ ಇರಬಹುದು, ನನಗೆ ಹತ್ತು ವರ್ಷ. ಎರಡನೆಯ ಹುಲಿ ಎಡಕ್ಕೆ ಹೊರಟಿತು, ಮೂರನೆಯದು ಬಲಕ್ಕೆ, ಒಂದು ಅಮ್ಮನನ್ನು ಹುಡುಕ್ತಾ ಇತ್ತು.

ಸೌಂಡಿನವರು ಮೈಕ್ ತೆಗೆದುಕೊಂಡರು. ಮೈಕ್! ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಬಹುದಿತ್ತಲ್ಲ. ಇಡೀ ಸಭೆಗೆ ಕೇಳುವ ಹಾಗೆ, "ಟ್ರ್ಯಾಕೇ ಸರಿ ಇಜ್ಜಿ ಮಾರಾಯ್ರೆ, ಇಲ್ಲಡ್ ಮಲ್ತಿನ ಅತ್ತಾ!" ಟ್ರ್ಯಾಕೇ ಸರಿ ಇಲ್ಲವಂತೆ, ಮನೆಯಲ್ಲಿ ಮಾಡಿದ್ದಂತೆ. ಮನೆಯಲ್ಲಿ ಮಾಡಿದ ನೀರುದೋಸೆಗೆ ಮರ್ಯಾದೆ ಉಂಟು ಈ ಊರಿನಲ್ಲಿ, ಮನೆಯಲ್ಲಿ ಮಾಡಿದ ಟ್ರ್ಯಾಕಿಗೆ ಇಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಬಿಳಿ ಪಂಚೆಯವರು ತಿರುಗಿ ನೋಡಿ ಹೇಳಿದ್ದು: "ಕಂಪ್ಯೂಟರಿನಲ್ಲಿ ಒತ್ತಿದ್ರೆ ಬರ್ತದಲ್ಲ, ಸ್ವಲ್ಪ ಸರಿಯಾಗಿ ಒತ್ತಬಹುದಿತ್ತು." ಟೀಚರ್ ಬಂದು "ಟೆನ್ಷನ್ ಮಾಡ್ಕೊಳ್ಬೇಡಿ ಸರ್, ಪರವಾಗಿಲ್ಲ" ಅಂದರು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಪರವಾಗಿಲ್ಲ ಅನ್ಲಿಕ್ಕೆ ನಾನು ತಪ್ಪು ಮಾಡಿರಬೇಕಲ್ಲ?

ಮತ್ತೆ ಕೇಳಿ. ಸೌಂಡಿನವರು ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ಯಾವುದೋ ಹಾಡು ಹಾಕಿದರು. ಅದು ಗಣಗಣ ಬಂತು. ಹುಲಿಗಳು ಅದಕ್ಕೇ ಕುಣಿದವು. ಚಪ್ಪಾಳೆ. ಅಲ್ಲಿಗೆ ತೀರ್ಪು ಆಯ್ತು: ಅವರ ಹಾಡು ಸರಿ, ಇವನ ಟ್ರ್ಯಾಕು ಹಾಳು. ಸಾಕ್ಷಿ ಇಡೀ ಸಭೆ.

ಈಗ ಎರಡು ಕೇಬಲಿನ ಕಥೆ ಹೇಳ್ತೇನೆ, ಫೋನಿನಿಂದ ನನ್ನ ಟ್ರ್ಯಾಕ್ ಹಾಕಿದ್ದು ಒಂದು, ಲ್ಯಾಪ್‌ಟಾಪಿನಿಂದ ಅವರ ಹಾಡು ಹಾಕಿದ್ದು ಇನ್ನೊಂದು, ಯಾರಾದರೂ ಕೇಳಿ.

ಫೋನಿನ ಸಣ್ಣ ಪಿನ್ನು, ಮೂರೂವರೆ ಮಿಲಿಮೀಟರಿನದ್ದು, ಅದರ ಮೇಲೆ ಕಪ್ಪು ಗೆರೆಗಳು ಉಂಟಲ್ಲ, ಎರಡು ಗೆರೆ ಇದ್ದರೆ ಮೂರು ಭಾಗ. ತುದಿ ಎಡ, ನಡುವಿನ ಉಂಗುರ ಬಲ, ಹಿಂದಿನದು ಗ್ರೌಂಡ್. ಎಲ್ಲ ಶಬ್ದ ಸೇರಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರಿನ ಮೈಕ್ ಚಾನೆಲಿಗೆ ಹೋಗುವ ದಪ್ಪ ಪಿನ್ನಿನಲ್ಲಿಯೂ ಎರಡು ಗೆರೆ ಇರಬಹುದು, ನೋಡ್ಲಿಕ್ಕೆ ಅಣ್ಣತಮ್ಮ. ಆದರೆ ಅಲ್ಲಿ ಅರ್ಥ ಬೇರೆ. ಅದು ಬ್ಯಾಲೆನ್ಸ್ಡ್ ಮೋನೋ, ಅಂದರೆ ಒಂದೇ ಶಬ್ದ ಎರಡು ತಂತಿಯಲ್ಲಿ, ಒಂದು ಇನ್ನೊಂದರ ತಲೆಕೆಳಗು: ತುದಿಯಲ್ಲಿ ಬಂದದ್ದು ಪ್ಲಸ್, ಉಂಗುರದಲ್ಲಿ ಬಂದದ್ದು ಮೈನಸ್. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಉದ್ದ ಕೇಬಲಿನಲ್ಲಿ ಎರಡೂ ತಂತಿಗೆ ಸಮನಾಗಿ ಸೇರಿಕೊಂಡ ಹಮ್ಮು, ಕರೆಂಟಿನ 50 ಹರ್ಟ್ಜ್ ಗುಂಯ್, ಅದೆಲ್ಲ ಕಳೆದು ಹೋಗ್ಲಿ ಅಂತ ಮಾಡಿದ ಒಳ್ಳೆಯ ಉಪಾಯ ಅದು. ಅಂಥ ಚಾನೆಲಿಗೆ, ಎಡ ಬಲ ಬೇರೆ ಬೇರೆ ಕಳಿಸುವ ಸ್ಟೀರಿಯೋ ಫೋನನ್ನು ಹಸಿರು ಟೇಪಿನ ಕೇಬಲಿನಲ್ಲಿ ಸಿಕ್ಕಿಸಿದರೆ? ಎಡದಿಂದ ಬಲವನ್ನು ಕಳೆಯುತ್ತದೆ. ಎಡ ಬಲ ಎರಡರಲ್ಲಿಯೂ ಒಂದೇ ಥರ ಇರುವುದೆಲ್ಲ ಸೊನ್ನೆ.

ಎರಡರಲ್ಲಿಯೂ ಒಂದೇ ಥರ ಇರುವುದು ಎಂಥದು? ನಡುವಿನಲ್ಲಿ ಇಟ್ಟದ್ದು. ಹಾಡುವವರ ಸ್ವರ, ಡೋಲು, ಬೇಸು, ಮುಖ್ಯ ತಾಸೆ. ಅಂದರೆ ಟ್ರ್ಯಾಕಿನ ಬೆನ್ನುಮೂಳೆ. ಉಳಿಯುವುದು? ರಿವರ್ಬು, ಅಂದರೆ ಸ್ವರದ ಹಿಂದೆ ಬರುವ ಪ್ರತಿಧ್ವನಿಯ ಬಾಲ, ಯಾಕೆಂದರೆ ಅದು ಎರಡು ಬದಿಯಲ್ಲಿ ಬೇರೆ ಬೇರೆ. ಬಲಕ್ಕೆ ಸ್ವಲ್ಪ ಸರಿಸಿದ ಎರಡನೆಯ ತಾಸೆ, ಬಡಕಲಾಗಿ. ಎರಡು ಸಲ ಹಾಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಒಂದನ್ನು ಪೂರ್ತಿ ಬಲಕ್ಕೆ ಇಟ್ಟ ಕೋರಸ್ಸು, ಅದು ಮಾತ್ರ ಇದ್ದ ಹಾಗೆಯೇ. ಬಾವಿಯ ನೆರಳು, ಕಿವಿ ಒಡೆಯುವ "ಹೋ". ಕೇಳಿದ್ದು ಅದನ್ನೇ ಅಲ್ವಾ? ಈಗ ಇಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಬಲ ಚಾನೆಲಿನ ಪೊಲಾರಿಟಿ ತಿರುಗಿಸಿ, ಅಂದರೆ ಪ್ಲಸ್ಸನ್ನು ಮೈನಸ್ ಮಾಡಿ, ಎರಡನ್ನೂ ಕೂಡಿಸಿ ಮೋನೋ ಮಾಡಿ ಕೇಳಿದೆ. ಅದೇ ಶಬ್ದ. ಅಚ್ಚು ಅದೇ. ಬೇಕಾದವರು ನಿಮ್ಮ ಯಾವ ಸಿನಿಮಾ ಹಾಡಿಗೆ ಬೇಕಾದರೂ ಹೀಗೆ ಮಾಡಿ ನೋಡಿ, ದೊಡ್ಡ ದೊಡ್ಡ ಸ್ಟುಡಿಯೋದವರ ಹಾಡಿನಲ್ಲಿಯೂ ಗಾಯಕರು ಮಾಯ.

ಸೌಂಡಿನವರ ಲ್ಯಾಪ್‌ಟಾಪಿನ ಕೇಬಲು ಬೇರೆ. ಅದು ಒಂದು ಕಡೆ ಸಣ್ಣ ಪಿನ್ನು, ಇನ್ನೊಂದು ಕಡೆ ಎರಡು ದಪ್ಪ ಪಿನ್ನು, ಒಂದೊಂದರಲ್ಲಿಯೂ ಒಂದೇ ಗೆರೆ. ಎಡ ಒಂದು ಚಾನೆಲಿಗೆ, ಬಲ ಇನ್ನೊಂದಕ್ಕೆ. ಅದು ಸರಿಯಾದ ಕೇಬಲು. ಪೆನ್‌ಡ್ರೈವ್ ಕೊಟ್ಟಿದ್ದೆ ನಾನು, ಆ ಲ್ಯಾಪ್‌ಟಾಪಿಗೇ ಹಾಕಿ ಅಂತ. "ವೈರಸ್ ಇದ್ರೆ ಯಾರು ಹೊಣೆ? ಫೋನಿಗೆ ಕಳಿಸಿ" ಅಂದರು. ಕಳಿಸಿದೆ. ಕಳಿಸಿದ್ದೇ ತಪ್ಪು. ಅಲ್ಲ, ತಪ್ಪಲ್ಲ, ಫೋನಿನಲ್ಲಿ ಫೈಲು ಸರಿಯಾಗಿಯೇ ಇತ್ತು, ಡಾಕ್ಯುಮೆಂಟ್ ಆಗಿ ಕಳಿಸಿದ್ದು. ಎರಡು ಪಿನ್ನಿನ ಕೇಬಲನ್ನು ಲ್ಯಾಪ್‌ಟಾಪಿನಿಂದ ತೆಗೆದು ಫೋನಿಗೆ ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕು? ಅದರ ಬದಲು ಪೆಟ್ಟಿಗೆಯಿಂದ ಹಸಿರು ಟೇಪಿನವನನ್ನು ಎಳೆದು ಮೈಕ್ ಚಾನೆಲಿಗೆ ತುರುಕಿದರು. ಮಂಗಳೂರಿನ ಹಂಪನಕಟ್ಟೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಒಂದು ಊಟದ ಖರ್ಚಿಗೆ ಸಿಗುವ ಕೇಬಲು ಆ ಎರಡು ಪಿನ್ನಿನದ್ದು. ಲಕ್ಷಗಟ್ಟಲೆಯ ಸ್ಪೀಕರ್ ಪೇರಿಸಿ ಇಟ್ಟವರ ಹತ್ತಿರ ಒಂದೇ ಒಂದು ಇತ್ತಂತೆ.

"ಮೋನೋದಲ್ಲಿ ಚೆಕ್ ಮಾಡಲಿಲ್ವಾ?" ಅಂತ ಕೇಳುವವರು ಬರ್ತೀರಿ, ಗೊತ್ತುಂಟು. ಮಾಡಿದ್ದೆ ಸ್ವಾಮೀ. ಮೋನೋ ಚೆಕ್ ಅಂದರೆ ಎಡ ಮತ್ತು ಬಲ ಕೂಡಿಸುವುದು. ಇಲ್ಲಿ ಆದದ್ದು ಕಳೆಯುವುದು. ಬರೀ ಮೋನೋ ಫೈಲು ಕೊಟ್ಟಿದ್ದರೆ ಇನ್ನೂ ಚಂದ ಆಗ್ತಿತ್ತು: ಎಡ ಬಲ ಪೂರ್ತಿ ಒಂದೇ, ಕಳೆದರೆ ಪೂರ್ತಿ ಸೊನ್ನೆ, ಬಾವಿಯ ಭೂತವೂ ಬರ್ತಿರಲಿಲ್ಲ. ಹುಷಾರಾಗಿ ಮಾಡಿದಷ್ಟೂ ಮಣ್ಣುಪಾಲು. ಇದಕ್ಕೆ ಯಾರು ಏನು ಮಾಡ್ಲಿಕ್ಕಾಗ್ತದೆ?

"ಒತ್ತಿದ್ರೆ ಬರ್ತದೆ" ಅಂದರಲ್ಲ ಪಂಚೆಯವರು, ಅದಕ್ಕೂ ಉತ್ತರ ಕೊಟ್ಟೇ ಮಲಗ್ತೇನೆ. ಹುಲಿವೇಷದ ತಾಸೆಯನ್ನು ಕಂಪ್ಯೂಟರಿನ ರೆಡಿಮೇಡ್ ವಾದ್ಯಶಬ್ದಗಳ ಲೈಬ್ರರಿಗಳಲ್ಲಿ ಹುಡುಕಿದರೆ ಸಿಗುವುದು ಪುಣೆಯ ಕಡೆಯ ಢೋಲ್-ತಾಶಾ, ಅದರ ನಡೆಯೇ ಬೇರೆ. ನವರಾತ್ರಿಗೆ ಮಂಗಳೂರಿನ ರಸ್ತೆಯಲ್ಲಿ, ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ತಾಸೆ ಕೇಳಿ ಬೆಳೆದ ಕಿವಿಗೆ ಅದನ್ನು ಕೊಟ್ಟರೆ ನಗ್ತಾರೆ. ಹಾಗಾಗಿ ಇಲ್ಲಿನ ತಾಸೆಯನ್ನೇ ಒಂದೊಂದು ಪೆಟ್ಟಾಗಿ ರೆಕಾರ್ಡ್ ಮಾಡಬೇಕು. ಬಲಗೈ ಎಡಗೈ ಬೇರೆ, ಒಂದೊಂದು ಕೈಗೆ ಮೆತ್ತಗಿನಿಂದ ಜೋರಿನವರೆಗೆ ನಾಲ್ಕು ಹಂತ, ಒಂದೊಂದು ಹಂತಕ್ಕೆ ಐದು ಪೆಟ್ಟು. ನಲವತ್ತು ಒಳ್ಳೆಯ ಪೆಟ್ಟು ಉಳಿಯಬೇಕಾದರೆ ಇನ್ನೂರು ಹೊಡೆಸಬೇಕು. ಐದು ಯಾಕೆ ಗೊತ್ತುಂಟಾ? ಒಂದೇ ಸ್ಯಾಂಪಲನ್ನು, ಅಂದರೆ ರೆಕಾರ್ಡ್ ಮಾಡಿದ ಒಂದೇ ಪೆಟ್ಟನ್ನು, ಮತ್ತೆ ಮತ್ತೆ ನುಡಿಸಿದರೆ ಪೆಟ್ಟುಗಳು ಬೇಗ ಬೇಗ ಉರುಳುವಲ್ಲಿ ಹೊಲಿಗೆ ಮಿಷನ್ನಿನ ಶಬ್ದ ಬರ್ತದೆ. ಐದನ್ನು ಸರದಿಯಲ್ಲಿ ಬಿಡಬೇಕು, ರೌಂಡ್ ರಾಬಿನ್ ಅಂತಾರೆ, ಆಗ ಕಿವಿ ನಂಬುತ್ತದೆ.

ತಾಸೆಯ ಚರ್ಮ ಬೆಂಕಿಗೆ ಹಿಡಿದು ಬಿಸಿ ಮಾಡಿದರೆ ಮಾತ್ರ ಬಿಗಿ. ನಮ್ಮ ಊರಿನ ಹವೆಯಲ್ಲಿ, ಅದೂ ಮಳೆಗಾಲದಲ್ಲಿ, ಸ್ವಲ್ಪ ಹೊತ್ತಿಗೆ ಮತ್ತೆ ಸಡಿಲ. ಮೊದಲ ಪೆಟ್ಟಿಗೂ ಹದಿನೈದು ನಿಮಿಷದ ನಂತರದ ಪೆಟ್ಟಿಗೂ ಶ್ರುತಿ ಇಳಿದಿರ್ತದೆ. ಇಳಿದದ್ದನ್ನು ಮೇಲಿನದ್ದರ ಜೊತೆ ಸರದಿಗೆ ಹಾಕಿದರೆ ಎರಡು ತಾಸೆ ಜಗಳ ಮಾಡಿದ ಹಾಗೆ ಕೇಳ್ತದೆ. ಹಾಗಾಗಿ ಹತ್ತಿಪ್ಪತ್ತು ಪೆಟ್ಟಿಗೊಮ್ಮೆ ಹಳೇ ಪೇಪರಿನ ಬೆಂಕಿ. ಮೈಕನ್ನು ಹತ್ತಿರ ಇಟ್ಟರೆ ಕ್ಲಿಪ್ಪು, ಅಂದರೆ ಶಬ್ದ ಒಡೆಯುತ್ತದೆ, ಒಂದು ಮೀಟರು ದೂರ ಇಟ್ಟು ಅತಿ ಜೋರಿನ ಪೆಟ್ಟು ಮೈನಸ್ ಆರು ಡೆಸಿಬಲ್ ದಾಟದ ಹಾಗೆ ಗೇನ್, ಅಂದರೆ ಮೈಕಿನ ಮಟ್ಟ, ಇಳಿಸಿ, 24 ಬಿಟ್‌ನಲ್ಲಿ ಹಿಡಿಯಬೇಕು. ಫ್ಯಾನು ಬಂದ್, ಫ್ರಿಜ್ಜು ಬಂದ್, ಪಕ್ಕದ ಮನೆಯ ಪಂಪು ಬಂದ್ ಮಾಡ್ಲಿಕ್ಕಾಗುವುದಿಲ್ಲ, ಅದಕ್ಕೆ ಕಾಯಬೇಕು. ಮಳೆ ಹೊಡೆದರೆ ಆ ದಿನ ಬಿಡಿ.

ಆಮೇಲೆ ಕತ್ತರಿಸುವುದು. ನಿಮಿಷಕ್ಕೆ 140 ಮಾತ್ರೆಯ ವೇಗದಲ್ಲಿ ಒಂದು ಮಾತ್ರೆಯ ನಾಲ್ಕನೆಯ ಒಂದು ಪಾಲು ಅಂದರೆ 107 ಮಿಲಿಸೆಕೆಂಡು. ಒಂದು ಸ್ಯಾಂಪಲಿನ ಮುಂದೆ ಹದಿನೈದು ಮಿಲಿಸೆಕೆಂಡು ಖಾಲಿ ಬಿಟ್ಟರೆ, ಇನ್ನೊಂದರ ಮುಂದೆ ಎರಡೇ ಬಿಟ್ಟರೆ, ಕುಡಿದವ ಬಾರಿಸಿದ ಹಾಗೆ. ನಲವತ್ತರ ತಲೆಯನ್ನೂ ಒಂದು ಮಿಲಿಸೆಕೆಂಡಿನ ಒಳಗೆ ಕತ್ತರಿಸಿ ಕೂರಿಸಿದ್ದು. ವೆಲಾಸಿಟಿ, ಅಂದರೆ ಪೆಟ್ಟು ಎಷ್ಟು ಜೋರು ಅನ್ನುವ ಅಂಕೆ, 1ರಿಂದ 40 ಮೆತ್ತಗಿನದ್ದು, 41ರಿಂದ 75, 76ರಿಂದ 105, ಅದರ ಮೇಲೆ 127ರವರೆಗೆ ಜೋರು. ಎಲ್ಲ ಪೆಟ್ಟೂ 127ಕ್ಕೆ ಇಟ್ಟರೆ ಮೇಲಿನ ಹಂತ ಮಾತ್ರ ಬಾರಿಸ್ತದೆ, ಉಳಿದ ಮೂವತ್ತು ಸ್ಯಾಂಪಲು ಸುಮ್ಮನೆ ಊಟಕ್ಕೆ ಬಂದ ನೆಂಟರು. ಒತ್ತಿದ್ರೆ ಬರ್ತದೆ, ಹೌದು. ಪಂಚೆ ಉಟ್ಟರೆ ಅಧ್ಯಕ್ಷರಾಗ್ತಾರೆ, ಹಾಗೆ.

ಇಷ್ಟೆಲ್ಲ ಮಾಡಿದವನು ಅಲ್ಲಿ ಎಂಥ ಮಾಡಿದೆ? ನಿಂತೆ. ಕೈ ಎತ್ತಿ "ಒಂದು ನಿಮಿಷ" ಅಂದೆ, ಯಾರಿಗೂ ಕೇಳಲಿಲ್ಲ, ಕೈ ಇಳಿಸಿದೆ. ಆ ಸಣ್ಣ ಹುಲಿಗಾದರೂ ಕಾಲು ಎತ್ತುವ ಧೈರ್ಯ ಇತ್ತು. ನಲವತ್ತು ಸ್ಯಾಂಪಲಿನ ತಲೆ ಕತ್ತರಿಸುವ ಶೂರ, ಮಿಕ್ಸರಿನವರೆಗೆ ಹದಿನೈದು ಹೆಜ್ಜೆ ನಡೆಯಲಿಲ್ಲ. ಪರಿಹಾರ ತಲೆಗೆ ಬಂದದ್ದು ಯಾವಾಗ? ಮನೆಗೆ ಬರುವಾಗ, ಕೂಳೂರು ಸೇತುವೆಯ ಮೇಲೆ, ಹೆಲ್ಮೆಟಿನ ಒಳಗೆ. ಹೆಚ್ಚಿನ ಫೋನುಗಳ ಸೆಟ್ಟಿಂಗಿನಲ್ಲಿ ಆಕ್ಸೆಸಿಬಿಲಿಟಿ ಅಂತ ಉಂಟು, ಅದರ ಒಳಗೆ ಆಡಿಯೋ ಬ್ಯಾಲೆನ್ಸ್, ಎಡ-ಬಲ ಎಳೆಯುವ ಒಂದು ಗೆರೆ. ಅದನ್ನು ಪೂರ್ತಿ ಎಡಕ್ಕೆ ಎಳೆದರೆ ಬಲದಲ್ಲಿ ಸೊನ್ನೆ. ಎಡದಿಂದ ಸೊನ್ನೆ ಕಳೆದರೆ ಎಡವೇ. ಡೋಲು ಬರ್ತಿತ್ತು, ಸ್ವರ ಬರ್ತಿತ್ತು. ಬಲದ ಕೋರಸ್ಸು ಹೋಗ್ತಿತ್ತು, ಹೋಗ್ಲಿ. ಹತ್ತು ಸೆಕೆಂಡಿನ ಕೆಲಸ. ಆ ಕಾಲು ಗಾಳಿಯಲ್ಲಿದ್ದಷ್ಟು ಹೊತ್ತು. ಪಕ್ಕದಲ್ಲೇ "ಮೋನೋ ಆಡಿಯೋ" ಅಂತ ಒಂದು ಸ್ವಿಚ್ಚು ಇರ್ತದೆ, ಅದನ್ನು ಒತ್ತಿದರೆ ಮಾತ್ರ ಸತ್ತಿರಿ, ಅದಕ್ಕೆ ಕಾರಣ ಮೇಲೆ ಹೇಳಿ ಆಯ್ತು.

ಟ್ರ್ಯಾಕಿಗೆ ಮೂರು ಸಾವಿರ ರೂಪಾಯಿ ಅಂತ ಮಾತಾಗಿತ್ತು. ಕೇಳುವುದಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು? ಅಲ್ಲ, ಯಾಕೆ ಕೇಳಬಾರದು? ಟ್ರ್ಯಾಕ್ ಸರಿ ಉಂಟು! ನಾಳೆಯೇ ಕೇಳ್ತೇನೆ. ಸೌಂಡಿನವರಿಗೆ ಕಾರ್ಯಕ್ರಮದವರು ಇಂದೇ ಲೆಕ್ಕ ಚುಕ್ತಾ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಚಹಾ ಅಂಬಡೆ ಸಮೇತ. ಕೇಳ್ತೇನೆ. ಟೀಚರು ಒಳ್ಳೆಯವರು, ಅವರ ಹತ್ತಿರ ಹೇಗೆ ಕೇಳುವುದು. ಬಿಡಿ ಅತ್ಲಾಗೆ.

ಒಂದೇ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ಸೌಂಡಿನವರೇ, ಇದನ್ನು ಓದುವ ಯಾವ ಸೌಂಡಿನವರಾದರೂ ಸರಿ. ಗಾಯಕರ ಸ್ವರ ಮಾಯ, ಕೋರಸ್ಸು ಮಾತ್ರ ಜೋರು, ಡೋಲಿನ ಸುಳಿವಿಲ್ಲ, ಇದು ಯಾವ ಕೇಬಲಿನ ಲಕ್ಷಣ ಅಂತ ಇಷ್ಟು ವರ್ಷ ಸೆಟ್ ಕಟ್ಟಿದವರಿಗೆ ಗೊತ್ತಿರುವುದಿಲ್ವಾ? ಗೊತ್ತಿದ್ದರೆ ಮೈಕ್ ಹಿಡಿದು ಹಾಗೆ ಯಾಕೆ ಹೇಳಿದ್ದು? ಗೊತ್ತಿಲ್ಲದಿದ್ದರೆ ಈವರೆಗೆ ಎಷ್ಟು ಜನರ ಟ್ರ್ಯಾಕಿಗೆ ಹಾಗೆ ಹೇಳಿ ಆಯ್ತು?

ನಾಳೆ ಸಂಜೆ ಅದೇ ಸೆಟ್ಟು ಸುರತ್ಕಲ್ ಕಡೆಗಂತೆ, ಸಾಮಾನು ಲೋಡ್ ಮಾಡುವಾಗ ಹುಡುಗರು ಮಾತಾಡ್ತಿದ್ದರು. ಏನೋ ಡ್ಯಾನ್ಸು. ಅದರ ಟ್ರ್ಯಾಕ್ ಮಾಡಿದವರು ನೀವಾಗಿದ್ದರೆ, ಬೇಗ ಹೋಗಿ, ಎರಡು ಪಿನ್ನಿನ ನಿಮ್ಮದೇ ಕೇಬಲು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಮೇಜಿನ ಮೇಲೆ ಹಸಿರು ಟೇಪು ಸುತ್ತಿದ ಕಪ್ಪು ಕೇಬಲು ಕಂಡರೆ ಎರಡೂ ತುದಿಯ ಗೆರೆ ಎಣಿಸಿ. ಅಷ್ಟಕ್ಕೂ ಸಿಕ್ಕಿಸಿಯೇ ಬಿಟ್ಟರೆ ಬ್ಯಾಲೆನ್ಸು ಎಡಕ್ಕೆ. ಪೂರ್ತಿ ಎಡಕ್ಕೆ.