ಎರಡು ಗಾಂಧಾರದ ಪತ್ತೇದಾರ

ಸ ಸ ರಿ ಸ ಗ ಸ ಮ ಗ. ಎಂಟು ಸ್ವರ, ಒಂದು ಸುತ್ತು. ‘ಬಿಳಿ ಒಂದು’ ಎನ್ನುವ ಮನೆಯನ್ನು (ಪಾಶ್ಚಾತ್ಯರ ಸಿ) ಷಡ್ಜ ಮಾಡಿಕೊಂಡು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ. ಬೆರಳು ಕಪ್ಪು ಮನೆಗೆ ಹೋಗುವುದು ಒಂದೇ ಸಲ, ಮೊದಲ ಗಾಂಧಾರಕ್ಕೆ, ಅದು ತಗ್ಗಿನದು, ‘ಸಾಧಾರಣ ಗಾಂಧಾರ’. ಕೊನೆಯದು ಬಿಳಿ ಮನೆಯದು, ಅದಕ್ಕಿಂತ ಒಂದು ಮನೆ ಮೇಲಿನ ‘ಅಂತರ ಗಾಂಧಾರ’. ಒಂದೇ ಸಾಲಿನಲ್ಲಿ ಎರಡೂ ಗಾಂಧಾರ ಕೇಳಿದ ಧಾರವಾಡದ ಕಿವಿಗೆ ಜೋಗ್ ರಾಗ ನೆನಪಾದೀತು. ಆದರೆ ಜೋಗ್‌ನಲ್ಲಿ ರಿಷಭವಿಲ್ಲ. ಜೋಗ್ ಕೇಳಿ ಯಾರೂ ಬೆನ್ನ ಹಿಂದೆ ತಿರುಗಿ ನೋಡುವುದೂ ಇಲ್ಲ.

ಇದು ‘ಪೀಟರ್ ಗನ್’ ಧಾರಾವಾಹಿಯ ಶೀರ್ಷಿಕೆ ಸಂಗೀತ. 1958ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ಶುರುವಾಗಿ, ಕೊನೆಯ ವರ್ಷ ಎಬಿಸಿಗೆ ಹೋಗಿ, 1961ಕ್ಕೆ ಮುಗಿದ ಅರ್ಧ ಗಂಟೆಯ ಕಪ್ಪು-ಬಿಳುಪು ಪತ್ತೇದಾರಿ. ಒಟ್ಟು 114 ಕಂತು. ಹುಟ್ಟುಹಾಕಿದವರು ಬ್ಲೇಕ್ ಎಡ್ವರ್ಡ್ಸ್. ಸಂಗೀತದ ಹೆನ್ರಿ ಮ್ಯಾನ್ಸಿನಿಗೆ ಆಗಷ್ಟೇ ಯೂನಿವರ್ಸಲ್ ಸ್ಟುಡಿಯೋದ ನೌಕರಿ ಹೋಗಿತ್ತು. ಅಲ್ಲಿನ ಕ್ಷೌರದಂಗಡಿಯಿಂದ ಹೊರಬರುವಾಗ ಎಡ್ವರ್ಡ್ಸ್ ಎದುರಾದರಂತೆ. ತಲೆ ಹಗುರ ಮಾಡಿಕೊಳ್ಳಲು ಹೋದವರು ಕೆಲಸ ಹೊತ್ತುಕೊಂಡು ಬಂದರು.

ಜಾಝ್ ಧಾರಾವಾಹಿ ಎಂದೇ ಇದು ಹೆಸರಾಗಿದೆ; ಶೀರ್ಷಿಕೆ ಸಂಗೀತ ಮಾತ್ರ ಅಷ್ಟೇನೂ ಜಾಝ್ ಅಲ್ಲ, ರಾಕ್ ಅಂಡ್ ರೋಲ್‌ಗೇ ಹತ್ತಿರ. ಮ್ಯಾನ್ಸಿನಿಯೇ ಹಾಗೆ ಹೇಳಿಕೊಂಡಿದ್ದಾರೆ. ಗಿಟಾರ್, ಪಿಯಾನೋ ಎರಡೂ ಅದೇ ಎಂಟು ಸ್ವರ ಹಿಡಿದು ಕೊನೆಯವರೆಗೂ ಬಿಡುವುದಿಲ್ಲ. ಇಂಥ ಸಾಲಿಗೆ ‘ಆಸ್ಟಿನಾಟೊ’ ಎನ್ನುತ್ತಾರೆ. ಇಟಾಲಿಯನ್ನಿನಲ್ಲಿ ಹಠಮಾರಿ ಎಂದರ್ಥ. ಮೇಲೆ ಸ್ಯಾಕ್ಸೋಫೋನು, ಹಿತ್ತಾಳೆ ವಾದ್ಯಗಳು ಎಷ್ಟೇ ಕೂಗಾಡಲಿ, ಕೆಳಗಿನ ಕಾರ್ಡ್, ಅಂದರೆ ಆಧಾರದ ಸ್ವರಗುಚ್ಛ, ಬದಲಾಗುವುದಿಲ್ಲ. ಇನ್ನೇನು ಬದಲಾದೀತು ಎಂದು ಕಿವಿ ಕಾಯುತ್ತದೆ. ಆ ಕಾಯಿಸುವಿಕೆಯೇ ಅದರ ಭಯ.

ಗಿಟಾರ್ ಕಲಿಯುವವರು ಇದನ್ನು ದಪ್ಪ ತಂತಿಯೊಂದರಲ್ಲೇ ನುಡಿಸಬಹುದು. ಮನೆಗಳು 0 0 2 0 3 0 5 4 (0 ಎಂದರೆ ಒತ್ತದೆ ಬಿಟ್ಟ ತಂತಿ). ಮೂಲದ ಶ್ರುತಿಗೆ ಒಂದು ಮನೆ ಮೇಲೆ: 1 1 3 1 4 1 6 5. ಸುಲಭ ಅನಿಸುತ್ತದೆ, ಕೆಡುವುದೂ ಅಷ್ಟೇ ಸುಲಭ. ಜಾಝ್ ಎಂದುಕೊಂಡು ಸ್ವರಗಳನ್ನು ಉದ್ದ-ಗಿಡ್ಡ ಮಾಡಿ ತೂಗಿಸಿದರೆ ಸಾಲು ಕುಂಟುತ್ತದೆ. ಎಂಟೂ ಸಮ ಅಳತೆಯಲ್ಲಿ ಬೀಳಬೇಕು, ಹೊಲಿಗೆ ಯಂತ್ರದ ಸೂಜಿಯ ಹಾಗೆ.

ನಿಜವಾದ ಜಾಝ್ ಇರುವುದು ಕಥೆಯ ಒಳಗೆ. ಗನ್‌ಗೆ ಆಫೀಸು ಅಂದರೆ ‘ಮದರ್ಸ್’ ಎಂಬ ಕ್ಲಬ್ಬು. ಅಲ್ಲಿ ಅವನ ಪ್ರೇಯಸಿ ಈಡಿ ಹಾಡುತ್ತಾಳೆ; ಪಾತ್ರ ಮಾಡಿದ ಲೋಲಾ ಆಲ್‌ಬ್ರೈಟ್ ನಿಜಕ್ಕೂ ಗಾಯಕಿ. ವೇದಿಕೆಯ ಮೇಲೆ ವಾದ್ಯದವರು ಕಣ್ಣೆದುರೇ ನುಡಿಸುತ್ತಿರುವುದರಿಂದ, ಗನ್ ಬೀದಿಗಿಳಿದ ಮೇಲೂ ಅದೇ ಜಾತಿಯ ಸಂಗೀತ ಬೆನ್ನು ಹತ್ತಿದರೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕತ್ತಲ ಗಲ್ಲಿಯ ದೃಶ್ಯದಲ್ಲಿ ಆಳೆತ್ತರದ ತಂತಿವಾದ್ಯ ಡಬಲ್ ಬೇಸ್ ಒಂದು, ತಾಳದ ಏಟಿಗೊಂದು ಸ್ವರ, ಮೇಲೆ ಸಿಂಬಲ್ ತಟ್ಟೆಯ ಸಣ್ಣ ಸದ್ದು, ಸಾಕು. ಇದನ್ನು ‘ನಡೆಯುವ ಬೇಸ್’ ಎನ್ನುತ್ತಾರೆ, ಹೆಸರಿಗೆ ತಕ್ಕಂತೆ ಬೂಟಿನ ಹೆಜ್ಜೆ ಯಾವುದು, ತಂತಿ ಯಾವುದು ತಿಳಿಯದು. ಆಮೇಲೆ ಬಂದ ಪತ್ತೇದಾರರೆಲ್ಲ ಇದನ್ನೇ ಎರವಲು ಪಡೆದರು. ಈಗ ನಗೆನಾಟಕದ ಕಳ್ಳನೂ ಇದೇ ಬೇಸಿಗೆ ತುದಿಗಾಲಲ್ಲಿ ನಡೆಯುತ್ತಾನೆ.

ಧಾರಾವಾಹಿಯ ಸಂಗೀತದ ಧ್ವನಿಮುದ್ರಿಕೆಯನ್ನು ಬೇರೆಯಾಗಿಯೇ ನುಡಿಸಿ ಮುದ್ರಿಸಿದ್ದರು. 1959ರಲ್ಲಿ ಗ್ರ್ಯಾಮಿ ಪ್ರಶಸ್ತಿ ಮೊದಲ ಬಾರಿ ಕೊಟ್ಟಾಗ ವರ್ಷದ ಆಲ್ಬಂ ಇದೇ. ಅದರಲ್ಲಿ ಪಿಯಾನೋ ನುಡಿಸಿದ ಹುಡುಗ ಜಾನ್ ವಿಲಿಯಮ್ಸ್, ಮುಂದೆ ‘ಸ್ಟಾರ್ ವಾರ್ಸ್’ಗೆ ಸಂಗೀತ ಕೊಟ್ಟವರು. ಅದರಲ್ಲಿನ ‘ಫಾಲ್ಔಟ್!’ ಕೇಳಿ, ಬೆನ್ನಿಗೇ ‘ಡ್ರೀಮ್ಸ್‌ವಿಲ್’ ಕೇಳಿ. ಗಲ್ಲಿಯಿಂದ ಕ್ಲಬ್ಬಿನೊಳಗೆ ಬಂದು ಕೂತ ಹಾಗಿರುತ್ತದೆ.

ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಗಿಟಾರಿನ ಆ ಷಡ್ಜ ಸುಮಾರು 87 ಹರ್ಟ್ಸ್. ಅಷ್ಟು ತಗ್ಗಿನ ಸದ್ದು ಬೆರಳುಗಾತ್ರದ ಸ್ಪೀಕರಿನಿಂದ ಸರಿಯಾಗಿ ಹೊರಡುವುದಿಲ್ಲ, ಹಠಮಾರಿ ಕಾಣೆಯಾಗಿ ಕೂಗಾಟವಷ್ಟೇ ಉಳಿಯುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಟಿವಿಯಲ್ಲಾದರೆ ಚಿತ್ರದ ಅಳತೆ 4:3ಕ್ಕೆ ಇಡಿ. ಪರದೆ ತುಂಬಲೆಂದು ಎಳೆದರೆ, ಗನ್ ಪಾತ್ರ ಮಾಡಿದ ಕ್ರೇಗ್ ಸ್ಟೀವನ್ಸ್‌ನ ಅಷ್ಟು ಅಚ್ಚುಕಟ್ಟಾದ ಸೂಟು ಅಕ್ಕಿಮೂಟೆಯ ಹಾಗೆ ಕಾಣುತ್ತದೆ.