ಕೈಗೆ ಮೈಕು, ಬಾಯಿಗೆ ಬೀಗ

ವಿಜ್ಞಾನ ಸಮ್ಮೇಳನ ಅಂದರೆ ತನಗೆ ಗೊತ್ತಿರುವುದನ್ನು ನಾಲ್ಕು ಜನರಿಗೆ ಹೇಳುವ ಜಾಗ. ರಕ್ಷಣಾ ವಿಜ್ಞಾನ ಸಮ್ಮೇಳನ ಅಂದರೆ ಗೊತ್ತಿರುವುದನ್ನು ತುಂಬಿದ ಸಭೆಯ ಮುಂದೆ, ಮೈಕು ಹಿಡಿದು, ಇಪ್ಪತ್ತು ನಿಮಿಷ ಹೇಳದೇ ಇರುವ ಜಾಗ. ಎರಡನೆಯದೇ ಕಷ್ಟದ್ದು. ಪಿಎಚ್‌ಡಿಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ.

ನನ್ನ ಪೋಸ್ಟರ್ ಮುದ್ರಣಕ್ಕೆ ಹೋಗುವ ಮೊದಲು ಭದ್ರತಾ ಪರಿಶೀಲನೆಗೆ ಹೋಗಿತ್ತು. ತಿರುಗಿ ಬಂದಾಗ ಗ್ರಾಫಿನ ಎರಡೂ ಅಕ್ಷಗಳ ಅಂಕಿಗಳು ಮಾಯ, ಅಕ್ಷಗಳ ಹೆಸರೂ ಮಾಯ. ಉಳಿದದ್ದು ಎಡದಿಂದ ಬಲಕ್ಕೆ ಏರುವ ಒಂದು ಗೆರೆ. ಏನೋ ಒಂದು ಹೆಚ್ಚಾದರೆ ಇನ್ನೇನೋ ಹೆಚ್ಚಾಗುತ್ತದೆ, ಇಷ್ಟೇ ನನ್ನ ಸಂಶೋಧನೆಯ ಸಾರ. ಹಿರಿಯ ವಿಜ್ಞಾನಿಯೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತರು. "ಚೆನ್ನಾಗಿದೆ. ನಾವೂ ಇಂಥದ್ದೇ ಮಾಡಿದ್ದೆವು" ಅಂದರು.

"ನಿಮಗೇನು ಸಿಕ್ಕಿತು ಸರ್?"

"ಅದನ್ನು ಹೇಳುವ ಹಾಗಿಲ್ಲಪ್ಪ."

ಪಕ್ಕದ ಸಭಾಂಗಣ ಕಂಪನಿಗಳದ್ದು. ಅಲ್ಲಿ ಯಾವ ಸಂಕೋಚವೂ ಇಲ್ಲ. ಕ್ಷಿಪಣಿ ಎಷ್ಟು ದೂರ ಹೋಗುತ್ತದೆ, ಎಷ್ಟು ವೇಗ, ಎಷ್ಟು ಭಾರ ಹೊರುತ್ತದೆ, ಎಲ್ಲವೂ ಹೊಳೆಯುವ ಕಾಗದದ ಮೇಲೆ ದಪ್ಪಕ್ಷರದಲ್ಲಿ. ಒಂದು ಕೇಳಿದರೆ ಮೂರು ಕರಪತ್ರ, ಜೊತೆಗೊಂದು ಬಟ್ಟೆ ಚೀಲ. ನನ್ನ ಗ್ರಾಫಿನಿಂದ ಅಳಿಸಿದ್ದ ಅಂಕಿಗಳನ್ನು ನಾನು ಮತ್ತೆ ಕಂಡದ್ದು ಆ ಚೀಲದೊಳಗೆ. ಸಂಶೋಧಕ ಹೇಳಿದರೆ ರಹಸ್ಯ ಸೋರಿಕೆ, ಸೇಲ್ಸ್‌ಮನ್ ಹೇಳಿದರೆ ರಫ್ತು ಉತ್ತೇಜನ.

ಈ ಮೌನಕ್ಕೆ ಘನವಾದ ಇತಿಹಾಸವಿದೆ. 1973ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂಗೆ ಆಗಷ್ಟೇ ಸೇರಿದ್ದ ಕ್ಲಿಫರ್ಡ್ ಕಾಕ್ಸ್ ಎಂಬ ಯುವ ಗಣಿತಜ್ಞ, ಹಿರಿಯ ಸಹೋದ್ಯೋಗಿ ಜೇಮ್ಸ್ ಎಲಿಸ್ ಅವರ ಕಲ್ಪನೆಯನ್ನು ಹಿಡಿದು ಒಂದು ಗೂಢಲಿಪಿ ವಿಧಾನ ಕಂಡುಹಿಡಿದ. ಸಂಸ್ಥೆ ಅದನ್ನು ಕಪಾಟಿಗೆ ಸೇರಿಸಿತು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಅಮೆರಿಕದಲ್ಲಿ ಅದನ್ನೇ ಸ್ವತಂತ್ರವಾಗಿ ಕಂಡುಹಿಡಿದರು. ಜಗತ್ತು ಅದಕ್ಕೆ ಅವರ ಹೆಸರಿನ ಮೊದಲಕ್ಷರಗಳನ್ನೇ ಇಟ್ಟು ಆರ್‌ಎಸ್‌ಎ ಎಂದಿತು. ಇಡೀ ಜಗತ್ತಿಗೆ ಗೊತ್ತಾದ ಮೇಲೂ ಸಂಸ್ಥೆ ಇನ್ನೂ ಇಪ್ಪತ್ತು ವರ್ಷ ಆ ರಹಸ್ಯವನ್ನು ಜೋಪಾನ ಮಾಡಿತು. ಕೊನೆಗೆ ಬಾಯಿ ಬಿಟ್ಟದ್ದು 1997ರ ಡಿಸೆಂಬರ್‌ನಲ್ಲಿ. ಎಲಿಸ್ ತೀರಿಕೊಂಡದ್ದು ಅದರ ಹಿಂದಿನ ತಿಂಗಳು. ಭದ್ರತಾ ಪರಿಶೀಲನೆಯಲ್ಲಿ ಅವಸರ ಸಲ್ಲದು, ನೋಡಿ.

ಮಧ್ಯಾಹ್ನ ತಂತ್ರಜ್ಞಾನ ಸಿದ್ಧತಾ ಮಟ್ಟದ ಉಪದೇಶ. ನಾಸಾದವರು ಹುಟ್ಟುಹಾಕಿದ ಒಂಬತ್ತು ಮೆಟ್ಟಿಲಿನ ಏಣಿ ಇದು: ಒಂದು ಅಂದರೆ ಮೂಲತತ್ತ್ವ ಕಂಡಿದೆ, ಒಂಬತ್ತು ಅಂದರೆ ನಿಜವಾದ ಕಾರ್ಯಾಚರಣೆಯಲ್ಲಿ ಗೆದ್ದಿದೆ. ನನ್ನಂಥವರು ಮೂರರಲ್ಲಿ ಏದುಸಿರು ಬಿಡುತ್ತಿರುತ್ತೇವೆ, ಕೊಳ್ಳುವವರು ಏಳರಲ್ಲಿ ಕಾಲಾಡಿಸುತ್ತ ಕೂತಿರುತ್ತಾರೆ. ನಡುವಿನ ಜಾಗಕ್ಕೆ 'ಸಾವಿನ ಕಣಿವೆ' ಎಂದು ಹೆಸರು. ಇಷ್ಟೊಂದು ಆಯುಧಗಳ ನಡುವೆ ಆ ಹೆಸರು ಯಾವ ರಣರಂಗಕ್ಕೂ ಬಂದಿಲ್ಲ, ಅನುದಾನ ಸಿಗದ ಜಾಗಕ್ಕೆ ಬಂದಿದೆ.

ಯುವ ಸಂಶೋಧಕರಿಗೆಂದೇ ಒಂದು ಗೋಷ್ಠಿಯಿತ್ತು. "ಹೆಚ್ಚು ಪ್ರಕಟಿಸಿ" ಎಂದರು ಮೊದಲ ಭಾಷಣಕಾರರು. "ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸಬೇಡಿ" ಎಂದರು ಎರಡನೆಯವರು. ಇಬ್ಬರಿಗೂ ಒಂದೇ ಸಮ ಚಪ್ಪಾಳೆ. ಪರಿಚಯ ಬೆಳೆಸಿಕೊಳ್ಳಿ ಎಂದು ಚಹಾಕ್ಕೆ ಬಿಟ್ಟರು. ಬ್ಯಾಡ್ಜ್ ತಿರುವಿ ಹಾಕಿಕೊಂಡಿದ್ದ ಒಬ್ಬರನ್ನು ಮಾತಾಡಿಸಿದೆ. ಹವಾಮಾನದ ಬಗ್ಗೆ ಅವರಿಗೆ ಆಳವಾದ ಜ್ಞಾನವಿತ್ತು. ಅದೇ ಅವರ ಕ್ಷೇತ್ರವೋ, ಸುಮ್ಮನೆ ಮಾತೋ, ಕೊನೆಗೂ ತಿಳಿಯಲಿಲ್ಲ.

ಸಮಾರೋಪದಲ್ಲಿ ಅತ್ಯುತ್ತಮ ಪ್ರಬಂಧದ ಪ್ರಶಸ್ತಿ ಘೋಷಣೆಯಾಯಿತು. ಶೀರ್ಷಿಕೆಯ ಅರ್ಧವನ್ನಷ್ಟೇ ಓದಿದರು, ಲೇಖಕರ ಹೆಸರು ಹೇಳಲಿಲ್ಲ. ಕೊನೆಯ ಸುತ್ತಿಗೆ ಬಂದಿದ್ದವುಗಳಲ್ಲಿ ಅದೊಂದನ್ನು ಮಾತ್ರ ಓದಲು ತೀರ್ಪುಗಾರರಿಗೆ ಅನುಮತಿ ಸಿಕ್ಕಿರಲಿಲ್ಲವಂತೆ. ಹಾಗಾಗಿ ಒಮ್ಮತದ ತೀರ್ಮಾನ.