ಸತ್ತು ವರ್ಷವಾದರೂ ಗೊತ್ತಾಗದ ನಟಿ, ಮರೆಯದ ಅಭಿಮಾನಿಗಳು

2011ರ ಏಪ್ರಿಲ್. ಲಾಸ್ ಏಂಜಲೀಸ್‌ನ ಬೆನೆಡಿಕ್ಟ್ ಕ್ಯಾನಿಯನ್‌ನಲ್ಲಿ ಒಂದು ಮನೆಯ ಟಪಾಲು ಡಬ್ಬಿಗೆ ಜೇಡ ಬಲೆ ಕಟ್ಟಿತ್ತು. ಕಾಗದಗಳು ಹಳದಿ ತಿರುಗಿದ್ದವು. ಅನುಮಾನ ಬಂದು ನೆರೆಯವರೊಬ್ಬರು ಒಳಗೆ ಹೋಗಿ ನೋಡಿದರೆ ಹಾಲಿವುಡ್‌ನ ಹಳೇ ನಟಿ ಇವೆಟ್ ವಿಕರ್ಸ್ ತೀರಿಕೊಂಡಿದ್ದರು. ಸತ್ತು ಹತ್ತಿರ ಹತ್ತಿರ ಒಂದು ವರ್ಷವೇ ಆಗಿರಬೇಕು ಎಂದರು. ಹೀಟರ್ ಇನ್ನೂ ಉರಿಯುತ್ತಲೇ ಇತ್ತು.

ಊರಿನವರಿಗೆ ಇದನ್ನು ಹೇಳಿದರೆ ಬರುವ ಮಾತು ಒಂದೇ: “ಅಮೆರಿಕಾದವರ ಹಣೆಬರಹ ಅಷ್ಟೇ ಬಿಡಪ್ಪ. ನಮ್ಮಲ್ಲಾಗಿದ್ರೆ ಹಾಲಿನವನಿಗಾದ್ರೂ ಮಾರನೇ ದಿನ ಗೊತ್ತಾಗ್ತಿತ್ತು.” ಸುಳ್ಳಲ್ಲ. ಇಲ್ಲಿ ಅಮೆರಿಕಾದಲ್ಲಿ ಇಷ್ಟು ಕಾಲ ಇದ್ದ ಮೇಲೂ ಈ ಒಂಟಿತನ ನನಗೆ ಒಗ್ಗಿಲ್ಲ. ಆದರೆ ತೀರಿಕೊಂಡವರು ನಟಿ. ನಟಿಯನ್ನು ನೆನಪಿಟ್ಟುಕೊಳ್ಳುವುದು ಬೇರೆಯೇ ಕೆಲಸ. ಅದರಲ್ಲಿ ಈ ಜನ ನಮಗಿಂತ ಗಟ್ಟಿ ಅನ್ನೋದು ನನ್ನ ಅನಿಸಿಕೆ.

ಇವೆಟ್ ಯಾವತ್ತೂ ದೊಡ್ಡ ತಾರೆಯಲ್ಲ. ಹುಟ್ಟಿದ್ದು 1928ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರದಲ್ಲಿ ಪಾರ್ಟಿಯ ನಡುವೆ ಫೋನ್ ಹಿಡಿದು ಕಿಲಕಿಲ ನಗುವ ಹುಡುಗಿ ಇವರೇ, ಆದರೆ ತೆರೆಯ ಮೇಲೆ ಹೆಸರೂ ಹಾಕಲಿಲ್ಲ. ಹೆಸರು ಬಂದಿದ್ದು ಎರಡು ಅಗ್ಗದ ಚಿತ್ರಗಳಿಂದ: 1958ರ ‘ಅಟ್ಯಾಕ್ ಆಫ್ ದಿ 50 ಫೂಟ್ ವುಮನ್’, ಮರುವರ್ಷದ ‘ಅಟ್ಯಾಕ್ ಆಫ್ ದಿ ಜೈಂಟ್ ಲೀಚಸ್’. ಮೊದಲನೆಯದರಲ್ಲಿ ಹನಿ ಪಾರ್ಕರ್ ಅನ್ನುವ ಪಾತ್ರ, ಇನ್ನೊಬ್ಬಳ ಗಂಡನನ್ನು ಬುಟ್ಟಿಗೆ ಹಾಕಿಕೊಂಡವಳು. ದೈತ್ಯಳಾಗಿ ಬೆಳೆದ ಹೆಂಡತಿ ಬಂದು ಬಾರ್‌ನ ಸೂರನ್ನೇ ಕಿತ್ತುಹಾಕುತ್ತಾಳೆ, ಹನಿ ಅದರಡಿ ಸಾಯುತ್ತಾಳೆ. ಎರಡನೆಯದರಲ್ಲೂ ಗಂಡನಿಗೆ ಮೋಸ ಮಾಡಿ ಜಿಗಣೆಗಳ ಪಾಲಾಗುವ ಪಾತ್ರ. ಗ್ರಾಫಿಕ್ಸ್ ನೋಡಿದರೆ ನಗು ಬರುತ್ತದೆ. ಅವರು ತೆರೆಗೆ ಬಂದಾಗ ಮಾತ್ರ ಕಣ್ಣು ಅಲ್ಲೇ ನಿಲ್ಲುತ್ತದೆ.

ಅಭಿಮಾನಿಗಳು ಹಿಡಿದುಕೊಂಡಿದ್ದು ಇಷ್ಟನ್ನೇ. ಹಳೇ ಭೂತಪ್ರೇತದ ಸಿನಿಮಾಗಳ ಮೇಳಗಳಲ್ಲಿ ವಯಸ್ಸಾದ ನಟಿಯರು ಮೇಜಿನ ಹಿಂದೆ ಕೂತು ಫೋಟೊಗಳಿಗೆ ಸಹಿ ಹಾಕುತ್ತಾರೆ, ದುಡ್ಡು ತೆಗೆದುಕೊಂಡು. ಇವೆಟ್ ಕೂಡ ಹಾಗೆ ಹೋಗುತ್ತಿದ್ದರು. ಸಹಿಗೂ ಕಾಸಾ ಅಂತ ನಮ್ಮವರು ಮೂಗು ಮುರಿಯಬಹುದು. ನನಗೇನೋ ಅದು ಮರ್ಯಾದೆಯ ವ್ಯವಹಾರವಾಗಿಯೇ ಕಾಣುತ್ತದೆ. ನಾವು ಸೆಲ್ಫಿ ಬಿಟ್ಟಿ ತೆಗೆದುಕೊಳ್ಳುತ್ತೇವೆ. ಆಮೇಲೆ ಅದೇ ನಟಿ ಔಷಧಿಗೆ ದುಡ್ಡಿಲ್ಲದೆ ಕೂತಾಗ ಟಿವಿಯಲ್ಲಿ ಅರ್ಧ ಗಂಟೆ ಅಳಿಸುತ್ತೇವೆ. ತೀರಿಕೊಂಡ ದಿನ ‘ಚಿತ್ರರಂಗಕ್ಕೆ ತುಂಬಲಾರದ ನಷ್ಟ’. ಹಾಗೆ ಹೇಳಿದವರಲ್ಲಿ ಎಷ್ಟು ಜನ ಅವರ ಒಂದು ಸೀನು ಹೇಳಬಲ್ಲರು? ನಾಯಕಿಯಾದರೆ ಅಂತಿಮ ದರ್ಶನ, ಸರ್ಕಾರಿ ಗೌರವ ಎಲ್ಲಾ ಉಂಟು. ಅತ್ತೆ, ಸವತಿ, ಕ್ಯಾಬರೆ ಅಂತ ಬಂದು ಹೋದವರಿಗೆ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಜಾಸ್ತಿ.

ಇವೆಟ್ ಕೊನೆಕೊನೆಗೆ ಫೋನ್ ಮಾಡಿದ್ದು ನೆಂಟರಿಗಲ್ಲ, ದೂರದೂರದ ಅಭಿಮಾನಿಗಳಿಗೆ ಅಂತ ಇಲ್ಲಿನ ಪತ್ರಿಕೆಗಳು ಬರೆದವು. ಕರುಳು ಚುರುಕ್ ಅನ್ನುವ ಸಂಗತಿ. ಸಿನಿಮಾದ ಇಂಚಿಂಚೂ ಬಲ್ಲವರಿಗೆ ಬಾಗಿಲು ತಟ್ಟುವಷ್ಟು ಹತ್ತಿರದ ಸಲುಗೆ ಇರಲಿಲ್ಲ. ಆದರೂ ಅಲ್ಲೊಬ್ಬರು ಫೋನ್ ಎತ್ತುತ್ತಿದ್ದರು, ಅವರ ಹೆಸರು ಕೇಳಿ ಖುಷಿಪಡುತ್ತಿದ್ದರು. ಅದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ಆ ಜಿಗಣೆ ಸಿನಿಮಾವನ್ನು ಇವತ್ತು ಬೇಕೆಂದವರು ನೋಡಬಹುದು. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಸುಲೋಚನೆಯಾಗಿದ್ದವರು ತ್ರಿಪುರಾಂಬ. ಅವರು ಹೇಗೆ ನಡೆದರು, ಹೇಗೆ ಮಾತಾಡಿದರು ಅಂತ ನೋಡೋಣ ಅಂದರೆ ದಾರಿಯೇ ಇಲ್ಲ. ನಾಯಕಿಯ ಗತಿಯೇ ಇದಾದರೆ ಆ ಚಿತ್ರದ ಸಣ್ಣಪುಟ್ಟ ಪಾತ್ರದವರನ್ನು ಕೇಳುವವರು ಯಾರು?